ಮನೆಯಲ್ಲೇ ಆರೈಕೆ: ಖರ್ಚು ಯಾರ ಪಾಲಿಗೆ?

ಕಡೂರು, ತರೀಕೆರೆ ಮತ್ತು ಅಜ್ಜಂಪುರ ಸೀಮೆಯ ಅನೇಕ ಮನೆಗಳ ಸ್ಥಿತಿ ಇಂದು ಒಂದೇ ತೆರನಾಗಿದೆ. ಮಕ್ಕಳು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಉದ್ಯೋಗದಲ್ಲಿರುತ್ತಾರೆ. ಊರಿನಲ್ಲಿ ತೆಂಗಿನ ತೋಟ ಅಥವಾ ಅಡಿಕೆ ತೋಟ, ಹೆಂಚಿನ ಮನೆ ಮತ್ತು ವಯಸ್ಸಾದ ತಂದೆ-ತಾಯಿ ಉಳಿದಿರುತ್ತಾರೆ. ಒಂದು ದಿನ ತಾಯಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ, ಇಲ್ಲವೇ ತಂದೆಗೆ ಲಕ್ವ ಹೊಡೆಯುತ್ತದೆ. ಆಸ್ಪತ್ರೆಯ ಬಿಲ್ಲನ್ನು ಸರ್ಕಾರಿ ಆರೋಗ್ಯ ಕಾರ್ಡೋ ವಿಮೆಯೋ ಒಡವೆ ಅಡವಿಟ್ಟ ಸಾಲವೋ ಹೇಗೋ ತೀರಿಸುತ್ತದೆ. ನಿಜವಾದ ಲೆಕ್ಕ ಆರಂಭವಾಗುವುದು ಆಂಬುಲೆನ್ಸ್ ಮನೆಯ ಮುಂದೆ ಬಂದು ನಿಂತ ಮೇಲೆ. ಮಗ್ಗುಲು ಬದಲಿಸುವವರು, ಸ್ನಾನ ಮಾಡಿಸುವವರು, ಊಟ ತಿನ್ನಿಸುವವರು, ರಾತ್ರಿ ಎದ್ದು ಕೂರಿಸುವವರು ಯಾರು? ಅದಕ್ಕೆ ತಗಲುವ ಹಣ ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಒಂದೇ ಕಚೇರಿಯಲ್ಲಿ ಉತ್ತರ ಸಿಗುವುದಿಲ್ಲ. ಸರ್ಕಾರದ ನೆರವು ಬಹುಪಾಲು ವ್ಯಕ್ತಿಯ ಜೀವನಾಧಾರಕ್ಕೆ ಅಥವಾ ಆಸ್ಪತ್ರೆಯ ಚಿಕಿತ್ಸೆಗೆ ಮೀಸಲಾಗಿದ್ದು, ಮನೆಯೊಳಗಿನ ಆರೈಕೆಯ ಕೂಲಿಗೆಂದೇ ನೀಡುವ ಹಣ ಅತ್ಯಲ್ಪ. ಹಾಗಾಗಿ ಮಾಸಾಶನ, ನಿವೃತ್ತಿ ವೇತನ, ತೆರಿಗೆ ವಿನಾಯಿತಿ, ಮಕ್ಕಳ ಪಾಲು, ಆಸ್ತಿ ಹೀಗೆ ನಾಲ್ಕೈದು ಮೂಲಗಳನ್ನು ಕೂಡಿಸಿಕೊಂಡೇ ಕುಟುಂಬಗಳು ಮುಂದುವರಿಯಬೇಕಾಗಿದೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ 60 ವರ್ಷ ಮೀರಿದವರ ಪ್ರಮಾಣ ಶೇ 9.5ರಷ್ಟಿತ್ತು, ವಿಕಲಚೇತನರ ಸಂಖ್ಯೆ 13.24 ಲಕ್ಷ. ಆ ಎಣಿಕೆಯ ನಂತರ ಒಂದು ದಶಕಕ್ಕೂ ಹೆಚ್ಚು ಕಾಲ ಸಂದಿರುವುದರಿಂದ ಈ ವಿಚಾರ ಕೆಲವೇ ಮನೆಗಳಿಗೆ ಸೀಮಿತವೆಂದು ಭಾವಿಸುವಂತಿಲ್ಲ.

ಖರ್ಚಿನ ಸ್ವರೂಪ

ಆರೈಕೆಯ ವೆಚ್ಚದಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಆರೈಕೆ ಮಾಡುವವರ ಸಂಬಳ. ಎರಡನೆಯದು ಔಷಧಿ, ಡಯಾಪರ್, ಮೂತ್ರದ ಕೊಳವೆ, ಗಾಯಕ್ಕೆ ಕಟ್ಟುವ ಬಟ್ಟೆ, ಫಿಸಿಯೋಥೆರಪಿ ಇತ್ಯಾದಿ ಪ್ರತಿ ತಿಂಗಳ ಖರ್ಚು. ಮೂರನೆಯದು ಮಂಚ, ಗಾಳಿ ತುಂಬಿದ ಹಾಸಿಗೆ, ಗಾಲಿಕುರ್ಚಿ, ಶೌಚಕ್ಕೆ ಅನುಕೂಲವಾದ ಕುರ್ಚಿ ಮುಂತಾಗಿ ಒಮ್ಮೆ ಕೊಳ್ಳಬೇಕಾದ ಸಾಮಗ್ರಿ. ಮೂರನೆಯದನ್ನು ಹೇಗೋ ನಿಭಾಯಿಸಬಹುದು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಕಡಿಮೆ ಆದಾಯದ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣ ಸಾಧನಗಳನ್ನು ಶಿಬಿರಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. ಕುಟುಂಬವನ್ನು ಕುಗ್ಗಿಸುವುದು ಮೊದಲ ಎರಡು.

‘ಹೋಂ ನರ್ಸ್’ ಎಂಬ ಮಾತನ್ನು ನಮ್ಮಲ್ಲಿ ಬಹಳ ಸಡಿಲವಾಗಿ ಬಳಸಲಾಗುತ್ತಿದೆ. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ನಿಜವಾದ ಅರ್ಥದಲ್ಲಿ ನರ್ಸ್. ಏಜೆನ್ಸಿಗಳು ಕಳುಹಿಸುವ ಬಹುತೇಕರು ಕೆಲಸ ಮಾಡುತ್ತಲೇ ಕಲಿತ ಸಹಾಯಕಿಯರು. ಸ್ನಾನ, ಊಟ, ಬಟ್ಟೆ ಬದಲಿಸುವಿಕೆಗೆ ಅವರು ಸಾಕು. ಮೂತ್ರದ ಕೊಳವೆ ಹಾಕುವುದಕ್ಕೆ, ಚುಚ್ಚುಮದ್ದು ನೀಡುವುದಕ್ಕೆ, ಆಳವಾದ ಹಾಸಿಗೆ ಹುಣ್ಣಿನ ಶುಶ್ರೂಷೆಗೆ ಸಾಲದು. ಇಬ್ಬರ ಸಂಬಳವೂ ಬೇರೆ ಬೇರೆ. ನಗರದ ಏಜೆನ್ಸಿಯಿಂದ ಯಾರನ್ನಾದರೂ ಯಗಟಿಗೋ ಶಿವನಿಗೋ ಲಕ್ಕವಳ್ಳಿಗೋ ಕರೆತಂದರೆ ಸಂಬಳದ ಜೊತೆಗೆ ಏಜೆನ್ಸಿಯ ಕಮಿಷನ್, ಊಟ, ವಸತಿ, ಹೋಗಿಬರುವ ಪ್ರಯಾಣ ವೆಚ್ಚ ಸೇರುತ್ತವೆ. ಊರಿನ ಹೆಂಗಸೊಬ್ಬರನ್ನೇ ನೇಮಿಸಿಕೊಂಡರೆ ಖರ್ಚು ಕಡಿಮೆ, ಮಾತುಕತೆಯೂ ಸಲೀಸು. ಆದರೆ ತರೀಕೆರೆ ಭಾಗದಲ್ಲಿ ಅಡಿಕೆ ಸುಲಿಯುವ ತಿಂಗಳುಗಳು ಬಂದವೆಂದರೆ ದಿನಗೂಲಿಯ ಆಕರ್ಷಣೆಗೆ ಎದುರಾಗಿ ತಿಂಗಳ ಸಂಬಳದವರನ್ನು ಉಳಿಸಿಕೊಳ್ಳುವುದು ಸುಲಭವಲ್ಲ.

ಒಂದು ಅಂದಾಜು ಲೆಕ್ಕ ಹಾಕಿ ನೋಡಬಹುದು. ಮನೆಯಲ್ಲೇ ಉಳಿದು ಹಗಲಿರುಳು ನೋಡಿಕೊಳ್ಳುವ ಸಹಾಯಕಿಗೆ ತಿಂಗಳಿಗೆ 18,000 ರೂ., ಅವರ ಊಟೋಪಚಾರಕ್ಕೆ 2,000 ರೂ., ಔಷಧಿ ಮತ್ತು ಡಯಾಪರ್‌ಗೆ 5,000 ರೂ. ಎಂದು ಇಟ್ಟುಕೊಂಡರೆ ಒಟ್ಟು 25,000 ರೂ. ಆಗುತ್ತದೆ. ವರ್ಷಕ್ಕೆ 3 ಲಕ್ಷ. ಈ ಅಂಕಿಗಳು ಊರಿಂದ ಊರಿಗೆ, ರೋಗಿಯಿಂದ ರೋಗಿಗೆ ಬದಲಾಗುತ್ತವೆ. ಆದರೆ ಮುಂದೆ ಹೇಳಲಿರುವ ಸರ್ಕಾರಿ ಮೊತ್ತಗಳನ್ನು ಅಳೆಯಲು ಒಂದು ಅಳತೆಗೋಲಾಗಿ ಇವು ಉಪಯುಕ್ತ.

ಸರ್ಕಾರದ ಮಾಸಾಶನ

ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ತಿಂಗಳಿಗೆ 400 ರೂ. ಮಾಸಾಶನದೊಂದಿಗೆ ಆರಂಭವಾಯಿತು. 2021ರ ಪರಿಷ್ಕರಣೆಯಲ್ಲಿ ಇದನ್ನು 1,000 ರೂ.ನಿಂದ 1,200 ರೂ.ಗೆ ಏರಿಸಲಾಯಿತು. 65 ವರ್ಷ ತುಂಬಿದ, ಆದಾಯ ಮಿತಿಯೊಳಗಿನ ಹಿರಿಯರು ಇದಕ್ಕೆ ಅರ್ಹರು. 60ರಿಂದ 64 ವರ್ಷದವರಿಗೆ ವೃದ್ಧಾಪ್ಯ ವೇತನವಾಗಿ 800 ರೂ. ನಿಗದಿಯಾಯಿತು. ಅದೇ ಪರಿಷ್ಕರಣೆಯಂತೆ ಶೇ 40ರಿಂದ 74ರಷ್ಟು ಅಂಗವೈಕಲ್ಯವುಳ್ಳವರಿಗೆ 800 ರೂ., ಶೇ 75 ಮತ್ತು ಅದಕ್ಕಿಂತ ಹೆಚ್ಚಿನವರಿಗೆ 1,400 ರೂ. ದೊರೆಯುತ್ತದೆ. ಅರ್ಜಿಯನ್ನು ಹೋಬಳಿಯ ನಾಡಕಚೇರಿಯಲ್ಲಿ ಸಲ್ಲಿಸಬೇಕು. ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಆಧಾರ್‌ ಜೋಡಣೆಯಾದ ಬ್ಯಾಂಕ್ ಅಥವಾ ಅಂಚೆ ಖಾತೆ ಬೇಕು. ಒಬ್ಬ ವ್ಯಕ್ತಿಗೆ ಒಂದೇ ಮಾಸಾಶನ.

ಮೇಲಿನ ಅಂದಾಜಿನಂತೆ ದಿನದ ಖರ್ಚು 830 ರೂ. ದಾಟುತ್ತದೆ. 1,200 ರೂ. ಅದರಲ್ಲಿ ಒಂದೂವರೆ ದಿನಕ್ಕೂ ಸಾಲದು. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರ ಸರ್ಕಾರದ ಪಾಲಂತೂ 79 ವರ್ಷದವರೆಗೆ ತಿಂಗಳಿಗೆ ಕೇವಲ 200 ರೂ., 80 ವರ್ಷದ ನಂತರ 500 ರೂ. ಆಗಿದ್ದು, ವರ್ಷಗಳಿಂದ ಅಲ್ಲೇ ನಿಂತಿದೆ.

ಇಲ್ಲೊಂದು ಗಮನಾರ್ಹ ಸಂಗತಿಯಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಕಲಂ, ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಅಂಗವಿಕಲರಿಗೆ ನೀಡುವ ನೆರವು ಇತರರಿಗೆ ನೀಡುವ ಅಂಥದೇ ನೆರವಿಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕೆಂದು ಹೇಳುತ್ತದೆ. 1,200 ರೂ.ಗೆ ಶೇ 25 ಸೇರಿಸಿದರೆ 1,500 ರೂ. ಆಗಬೇಕು. ತೀವ್ರ ಅಂಗವೈಕಲ್ಯದವರಿಗೆ ಸಿಗುತ್ತಿರುವುದು 1,400. ಶೇ 40ರಿಂದ 74ರ ವರ್ಗದವರ 800 ರೂ. ಅಂತೂ 60 ವರ್ಷದವರ ವೃದ್ಧಾಪ್ಯ ವೇತನಕ್ಕೆ ಸರಿಸಮ. ಯಾವುದನ್ನು ಯಾವುದರೊಡನೆ ಹೋಲಿಸಬೇಕೆಂಬ ಬಗ್ಗೆ ವಾದಕ್ಕೆ ಅವಕಾಶವಿರಬಹುದು. ಆದರೂ ಕಾಯ್ದೆಯ ಆಶಯ ಮತ್ತು ಮಾಸಾಶನದ ಪಟ್ಟಿಯ ನಡುವಿನ ಅಂತರ ಎದ್ದು ಕಾಣುತ್ತದೆ.

ಆರೈಕೆದಾರರಿಗೆ ಸಾವಿರ ರೂಪಾಯಿ

ಅದೇ 24ನೇ ಕಲಂ, ಹೆಚ್ಚಿನ ಆಸರೆ ಅಗತ್ಯವಿರುವ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ನೀಡುವ ವಿಚಾರವನ್ನೂ ಪ್ರಸ್ತಾಪಿಸುತ್ತದೆ. ಕರ್ನಾಟಕದಲ್ಲಿ ಇದು ರೂಪ ತಾಳಿದ್ದು 2024-25ರ ಬಜೆಟ್‌ನಲ್ಲಿ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ಬಳಲುತ್ತಿರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂ. ಪ್ರೋತ್ಸಾಹಧನ ನೀಡುವುದಾಗಿ ಅದರಲ್ಲಿ ಘೋಷಿಸಲಾಯಿತು. ಮೊತ್ತ ಚಿಕ್ಕದು. ಆದರೆ ರೋಗಿಗಲ್ಲದೆ ರೋಗಿಯ ಪಕ್ಕದಲ್ಲಿ ಕುಳಿತವರಿಗೆ ಹಣ ಸಲ್ಲಬೇಕೆಂದು ಸರ್ಕಾರ ಒಪ್ಪಿಕೊಂಡದ್ದು ದೊಡ್ಡ ವಿಚಾರವೇ ಸರಿ. ಕೊರತೆಯೆಂದರೆ, ಹಿರಿಯರನ್ನು ಸಾಮಾನ್ಯವಾಗಿ ಹಾಸಿಗೆಗೆ ಕೆಡಹುವ ಲಕ್ವ, ಸೊಂಟದ ಮೂಳೆ ಮುರಿತ ಮತ್ತು ಮರೆವಿನ ಕಾಯಿಲೆ ಈ ನಾಲ್ಕರ ಪಟ್ಟಿಯಲ್ಲಿ ಇಲ್ಲ.

ಲಕ್ವದಿಂದ ಒಂದು ಪಕ್ಕದ ಕೈಕಾಲು ಸ್ವಾಧೀನ ಕಳೆದುಕೊಂಡವರು ಅಂಗವಿಕಲರೆಂದು ಗುರುತಿಸಿಕೊಳ್ಳಲು ಅವಕಾಶವಿದೆ ಎಂಬುದು ಅನೇಕ ಕುಟುಂಬಗಳಿಗೆ ತಿಳಿದೇ ಇಲ್ಲ. ‘ವಯಸ್ಸಾಯಿತು, ಬಿದ್ದರು’ ಎಂದು ಸುಮ್ಮನಾಗುವವರೇ ಹೆಚ್ಚು. ವೈದ್ಯಕೀಯ ಮಂಡಳಿಯ ಪರೀಕ್ಷೆಯ ನಂತರ ದೊರೆಯುವ ಯುಡಿಐಡಿ ಕಾರ್ಡ್‌ನಲ್ಲಿ ಅಂಗವೈಕಲ್ಯದ ಪ್ರಮಾಣ ನಮೂದಾಗಿರುತ್ತದೆ. ಶೇ 40ರಿಂದ 79ರವರೆಗೆ ಹಳದಿ ಪಟ್ಟಿ, ಶೇ 80 ಮತ್ತು ಮೇಲ್ಪಟ್ಟು ನೀಲಿ ಪಟ್ಟಿ. ಮಾಸಾಶನದಲ್ಲಿ ಈ ಕಾರ್ಡ್‌ನಿಂದ ಆಗುವ ಲಾಭ 200 ರೂ. ಮಾತ್ರವಾದರೂ, ಮಗ ಅಥವಾ ಮಗಳು ಆದಾಯ ತೆರಿಗೆ ಕಟ್ಟುವವರಾದರೆ ಅದರ ಬೆಲೆ ಬೇರೆಯೇ ಆಗುತ್ತದೆ. ಆ ವಿಚಾರ ಮುಂದಿದೆ.

ಅರ್ಜಿ ತುಂಬಲು ಯಾರನ್ನು ಹಿಡಿಯಬೇಕು? ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರು ಸ್ವತಃ ವಿಕಲಚೇತನರಾಗಿದ್ದು, ಅಲ್ಪ ಗೌರವಧನಕ್ಕೆ ದುಡಿಯುವವರು. ಹಾಸಿಗೆ ಬಿಟ್ಟು ಏಳಲಾಗದವರ ಮನೆಗೆ ಬಂದು ಮಾಹಿತಿ ಪಡೆಯುವುದು ಅವರ ಕೆಲಸದ ಭಾಗವೇ. ಗ್ರಾಮ ಪಂಚಾಯಿತಿಗಳು ತಮ್ಮ ನಿಧಿಯಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಬಳಸಬೇಕಿದ್ದು, ಚಿಕಿತ್ಸೆ ಅಥವಾ ಸಾಧನ ಸಲಕರಣೆಗೆ ಅದರಿಂದ ನೆರವು ಕೋರಬಹುದು. ಅಜ್ಜಂಪುರ 2017-18ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲೊಂದು. ಅಲ್ಲಿನ ಹಳೆಯ ದಾಖಲೆಗಳಲ್ಲಿ ತರೀಕೆರೆ ತಾಲ್ಲೂಕೆಂದೇ ವಿಳಾಸವಿರುವವರು ಅರ್ಜಿಗೆ ಮುನ್ನ ಆಧಾರ್ ಮತ್ತು ಪಡಿತರ ಚೀಟಿಯ ವಿಳಾಸಗಳನ್ನು ಹೊಂದಿಸಿಕೊಳ್ಳುವುದು ಲೇಸು.

ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳಿರುವ ಮನೆಗಳಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ‘ನಿರಾಮಯ’ ಆರೋಗ್ಯ ವಿಮೆಯಿದೆ. ವರ್ಷಕ್ಕೆ 1 ಲಕ್ಷ ರೂ.ವರೆಗಿನ ಈ ವಿಮೆ ಹೊರರೋಗಿ ಚಿಕಿತ್ಸೆ ಮತ್ತು ನಿರಂತರ ಥೆರಪಿಗೂ ಅನ್ವಯಿಸುವುದು ಇದರ ಹೆಚ್ಚುಗಾರಿಕೆ. ಸಾಮಾನ್ಯ ವಿಮೆಗಳಲ್ಲಿ ಈ ಅನುಕೂಲ ವಿರಳ.

ರೈಲ್ವೆ ಪಿಂಚಣಿದಾರರ ಮನೆಗಳು

ಕಡೂರು ತಾಲ್ಲೂಕಿನ ಬೀರೂರು ಹಳೆಯ ರೈಲ್ವೆ ಜಂಕ್ಷನ್. ಬೀರೂರು, ಕಡೂರು, ತರೀಕೆರೆ, ಅಜ್ಜಂಪುರದಂಥ ರೈಲು ಮಾರ್ಗದ ಊರುಗಳಲ್ಲಿ ನಿವೃತ್ತ ನೌಕರರ ಮತ್ತು ಕುಟುಂಬ ಪಿಂಚಣಿ ಪಡೆಯುವ ವಿಧವೆಯರ ಮನೆಗಳಿಗೆ ಎರಡು ನಿಯಮಗಳು ಬಹಳ ಮುಖ್ಯ. ಕೇಂದ್ರ ಸರ್ಕಾರಿ ಪಿಂಚಣಿದಾರರಿಗೆ 80 ವರ್ಷ ತುಂಬಿದಾಗ ಮೂಲ ಪಿಂಚಣಿಯ ಶೇ 20, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರು ತುಂಬಿದರೆ ಶೇ 100ರಷ್ಟು ಹೆಚ್ಚುವರಿ ಪಿಂಚಣಿ ಸಲ್ಲುತ್ತದೆ. ಕುಟುಂಬ ಪಿಂಚಣಿಗೂ ಇದು ಅನ್ವಯ. ಪಿಂಚಣಿ ದಾಖಲೆಯಲ್ಲಿ ಪತ್ನಿಯ ಜನ್ಮದಿನಾಂಕವೇ ಇಲ್ಲದಿದ್ದರೆ ಈ ಹೆಚ್ಚಳ ತಾನಾಗಿ ಬರುವುದಿಲ್ಲ. ಪಾಸ್‌ಪುಸ್ತಕದ ಜಮಾ ಮೊತ್ತವನ್ನು ಮಾತ್ರ ನೋಡುವ ಕುಟುಂಬಗಳಿಗೆ ಇದು ವರ್ಷಗಟ್ಟಲೆ ಗೊತ್ತೇ ಆಗದಿರಬಹುದು.

ಎರಡನೆಯದು, ಸ್ವಂತವಾಗಿ ದುಡಿದು ಬದುಕಲಾಗದ ಅಂಗವಿಕಲ ಮಗ ಅಥವಾ ಮಗಳಿಗೆ ತಂದೆ-ತಾಯಿಯ ಕಾಲಾನಂತರ ಜೀವಿತಾವಧಿಯವರೆಗೂ ಕುಟುಂಬ ಪಿಂಚಣಿ ಸಿಗುತ್ತದೆ. ಪಿಂಚಣಿದಾರರು ಜೀವಂತವಾಗಿರುವಾಗಲೇ ಆ ಮಗುವಿನ ಹೆಸರನ್ನು, ವೈದ್ಯಕೀಯ ಪ್ರಮಾಣಪತ್ರದೊಡನೆ, ಪಿಂಚಣಿ ಆದೇಶದಲ್ಲಿ ಸೇರಿಸಿಕೊಳ್ಳಬಹುದು. ಇದನ್ನು ಮುಂದೂಡಿದರೆ ತಂದೆ-ತಾಯಿ ಇಬ್ಬರೂ ತೀರಿಕೊಂಡ ಮೇಲೆ ಆ ಅಲೆದಾಟ ಅಣ್ಣನಿಗೋ ಅಕ್ಕನಿಗೋ ಬೀಳುತ್ತದೆ.

ಆರೋಗ್ಯ ಕಾರ್ಡ್ ಮತ್ತು ವಿಮೆಯ ಮಿತಿ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಲಭ್ಯ. ಆದರೆ ಅದು ಆಸ್ಪತ್ರೆಯ ಬಾಗಿಲಿಗೇ ಮುಗಿಯುತ್ತದೆ. ಖಾಸಗಿ ವಿಮೆಗಳಲ್ಲಿ ‘ಮನೆಯಲ್ಲೇ ಚಿಕಿತ್ಸೆ’ ಎಂಬ ಅಂಶವಿರುತ್ತದಾದರೂ, ಅದು ಆಸ್ಪತ್ರೆಗೆ ದಾಖಲಾಗಬೇಕಿದ್ದ ರೋಗಿಯನ್ನು ಸಾಗಿಸಲಾಗದ ಅಥವಾ ಹಾಸಿಗೆ ಸಿಗದ ಸಂದರ್ಭಕ್ಕೆ ಸಂಬಂಧಿಸಿದ್ದು. ಸಹಾಯಕಿಯ ತಿಂಗಳ ಸಂಬಳಕ್ಕಲ್ಲ. ಪಾಲಿಸಿ ಕೊಳ್ಳುವಾಗ ಏಜೆಂಟರ ಮಾತಿಗಿಂತ ಪಾಲಿಸಿಯ ಹೊರತುಗಳ ಪಟ್ಟಿಯನ್ನು ಓದುವುದು ಒಳ್ಳೆಯದು.

ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆ ಮತ್ತು ಮಾತ್ರೆಗಳ ಮಟ್ಟಿಗೆ ಸ್ವಲ್ಪ ಉಳಿತಾಯ ಸಾಧ್ಯ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾಗಿ ನಂತರ ಬೇರೆ ಜಿಲ್ಲೆಗಳಿಗೆ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೆ ಬಂದು ಪರೀಕ್ಷಿಸುವ ವ್ಯವಸ್ಥೆಯಿದೆ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿಟ್ಟರೆ ಹಾಸಿಗೆ ಹಿಡಿದವರ ಹೆಸರು ಪಟ್ಟಿಗೆ ಸೇರುತ್ತದೆ.

ಮಕ್ಕಳ ಹೊಣೆ, ಆಸ್ತಿಯ ಷರತ್ತು

ಕೊನೆಗೂ ಖರ್ಚು ಬಂದು ನಿಲ್ಲುವುದು ಮಕ್ಕಳ ಮುಂದೆ. ಅಣ್ಣ ಹಣ ಕಳುಹಿಸುತ್ತಾನೆ, ತಮ್ಮ ಊರಿನಲ್ಲಿದ್ದು ನೋಡಿಕೊಳ್ಳುತ್ತಾನೆ, ಅಕ್ಕ ತಿಂಗಳಿಗೊಮ್ಮೆ ಬಂದು ಹೋಗುತ್ತಾಳೆ ಎಂಬ ಬಾಯಿಮಾತಿನ ಏರ್ಪಾಡು ಮೊದಲ ವರ್ಷ ಚೆನ್ನಾಗಿಯೇ ನಡೆಯುತ್ತದೆ. ಎರಡನೆಯ ವರ್ಷಕ್ಕೆ ಲೆಕ್ಕ ಕೇಳುವುದು ಶುರುವಾಗುತ್ತದೆ.

ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಕರ್ನಾಟಕದ ನಿಯಮಗಳು 2009ರಲ್ಲಿ. ಇದರಡಿ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಜಿಲ್ಲೆಯಲ್ಲಿ ಚಿಕ್ಕಮಗಳೂರು ಮತ್ತು ತರೀಕೆರೆ ಎಂಬ ಎರಡು ಉಪವಿಭಾಗಗಳಿವೆ. ತಂದೆ-ತಾಯಿ ವಾಸಿಸುವ ಜಿಲ್ಲೆಯಲ್ಲಾಗಲಿ ಮಕ್ಕಳು ವಾಸಿಸುವ ಜಿಲ್ಲೆಯಲ್ಲಾಗಲಿ ಅರ್ಜಿ ಹಾಕಲು ಅವಕಾಶವಿದೆ. ನೋಟಿಸ್ ಜಾರಿಯಾದ 90 ದಿನಗಳಲ್ಲಿ, ವಿಶೇಷ ಕಾರಣವಿದ್ದರೆ ಇನ್ನೂ 30 ದಿನಗಳಲ್ಲಿ ತೀರ್ಮಾನವಾಗಬೇಕು. ಕಾಯ್ದೆಯಲ್ಲಿ ‘ಪೋಷಣೆ’ ಎಂದರೆ ಊಟ, ಬಟ್ಟೆ, ವಸತಿಯ ಜೊತೆಗೆ ವೈದ್ಯಕೀಯ ಆರೈಕೆ ಮತ್ತು ಚಿಕಿತ್ಸೆಯೂ ಸೇರಿದೆ. ಹೀಗಾಗಿ ಸಹಾಯಕಿಯ ಸಂಬಳದ ರಸೀದಿಗಳನ್ನು ಮುಂದಿಟ್ಟು ಜೀವನಾಂಶ ಕೇಳುವುದು ನ್ಯಾಯಸಮ್ಮತ.

ಆದರೆ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂ. ಎಂದು 2007ರಲ್ಲೇ ನಿಗದಿಯಾಗಿದೆ. ಹದಿನೆಂಟು ವರ್ಷಗಳ ಬೆಲೆ ಏರಿಕೆ ಅದನ್ನು ಮುಟ್ಟಿಲ್ಲ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಈ ಮಿತಿಯನ್ನು ತೆಗೆದುಹಾಕಲು, ಅಳಿಯ-ಸೊಸೆಯರನ್ನೂ ಹೊಣೆಗಾರರನ್ನಾಗಿಸಲು ಹೊರಟಿತ್ತು. ಮನೆಯಲ್ಲಿ ಆರೈಕೆ ಒದಗಿಸುವ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ತರಬೇತಿ ಪಡೆದವರನ್ನೇ ನೇಮಿಸಬೇಕು ಎಂಬ ಅಂಶಗಳೂ ಅದರಲ್ಲಿದ್ದವು. 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ಆದ್ದರಿಂದ ಹಳೆಯ ಕಾಯ್ದೆಯಂತೆ ಮಗ, ಮಗಳು, ವಯಸ್ಕ ಮೊಮ್ಮಕ್ಕಳು ಹೊಣೆಗಾರರು. ಮಕ್ಕಳಿಲ್ಲದವರ ವಿಷಯದಲ್ಲಿ ಅವರ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರು ಹೊಣೆಗಾರರು. ಹೊರಗಿನಿಂದ ಬಂದ ಸೊಸೆಗೆ ಕಾನೂನಿನ ಹೊಣೆಯಿಲ್ಲ. ಆದರೆ ಹಾಸಿಗೆ ಬದಲಿಸುವ ಕೈ ಬಹುಪಾಲು ಮನೆಗಳಲ್ಲಿ ಆಕೆಯದೇ.

ಆಸ್ತಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ‘ನೋಡಿಕೊಳ್ಳುವವನಿಗೆ ತೋಟ’ ಎಂಬುದು ಈ ಭಾಗದಲ್ಲಿ ಹೊಸ ಮಾತಲ್ಲ. ನಾಲ್ಕೆಕರೆ ತೆಂಗು ಅಥವಾ ಎರಡೆಕರೆ ಅಡಿಕೆಯನ್ನು ಒಬ್ಬ ಮಗನಿಗೆ ದಾನಪತ್ರ ಮಾಡಿಕೊಟ್ಟು, ಆರೈಕೆಯ ಭಾರವನ್ನು ಬಾಯಿಮಾತಿನಲ್ಲಿ ಅವನಿಗೊಪ್ಪಿಸುವ ಹಿರಿಯರಿದ್ದಾರೆ. ಕಾಯ್ದೆಯ 23ನೇ ಕಲಂ ಪ್ರಕಾರ, ಮೂಲಭೂತ ಅನುಕೂಲ ಒದಗಿಸಬೇಕೆಂಬ ಷರತ್ತಿನ ಮೇಲೆ ಆಸ್ತಿ ವರ್ಗಾಯಿಸಿ, ಪಡೆದವರು ಷರತ್ತನ್ನು ಮುರಿದರೆ ಆ ವರ್ಗಾವಣೆಯನ್ನು ನ್ಯಾಯಮಂಡಳಿ ಅನೂರ್ಜಿತಗೊಳಿಸಬಹುದು. ಇಲ್ಲಿ ‘ಷರತ್ತು’ ಎಂಬ ಪದವೇ ನಿರ್ಣಾಯಕ. 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಥ ಷರತ್ತು ಇತ್ತೆಂದು ಸಾಬೀತಾಗದೆ ಈ ಕಲಂ ಅನ್ವಯಿಸದೆಂದು ತೀರ್ಪಿತ್ತಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಇದು ಹಿರಿಯರ ಹಿತಕ್ಕಾಗಿ ಬಂದ ಕಾಯ್ದೆಯಾದ್ದರಿಂದ ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ಮಧ್ಯಪ್ರದೇಶದ ತಾಯಿಯೊಬ್ಬರು ಮಗನಿಗೆ ಮಾಡಿಕೊಟ್ಟಿದ್ದ ದಾನಪತ್ರವನ್ನು ರದ್ದುಗೊಳಿಸಿತು. ಆ ಪ್ರಕರಣದಲ್ಲಿ ತಾಯಿಯನ್ನು ನೋಡಿಕೊಳ್ಳುವ ವಿಚಾರ ದಾಖಲೆಯಲ್ಲಿ ಬರಹರೂಪದಲ್ಲಿ ಇತ್ತೆಂಬುದನ್ನು ಮರೆಯುವಂತಿಲ್ಲ.

ಉಪನೋಂದಣಾಧಿಕಾರಿ ಕಚೇರಿಗೆ ಹೋಗುವ ಮುನ್ನ ಪತ್ರಬರಹಗಾರರಿಗೆ ಸ್ಪಷ್ಟವಾಗಿ ಹೇಳಬೇಕಾದುದಿಷ್ಟು: ದಾನ ಪಡೆಯುವವರು ದಾನ ನೀಡುವವರ ಊಟ, ವಸತಿ, ಚಿಕಿತ್ಸೆ ಮತ್ತು ಆರೈಕೆಯನ್ನು ಜೀವಿತಾವಧಿಯವರೆಗೂ ನೋಡಿಕೊಳ್ಳತಕ್ಕದ್ದು ಎಂಬ ಸಾಲು ದಾನಪತ್ರದಲ್ಲೇ ಇರಬೇಕು. ಮಾದರಿ ನಮೂನೆಯಲ್ಲಿ ಸಾಮಾನ್ಯವಾಗಿ ಬರೆಯುವ ‘ಪ್ರೀತಿ ವಿಶ್ವಾಸದಿಂದ’ ಎಂಬ ಮಾತೊಂದನ್ನೇ ನಂಬಿದರೆ ವಿವಾದ ಎದ್ದಾಗ ಸಾಬೀತುಪಡಿಸುವ ಹೊರೆ ಹಿರಿಯರ ಮೇಲೆ ಬೀಳುತ್ತದೆ. ಉಯಿಲು ಬರೆದಿಟ್ಟರೆ ಜೀವಿತಕಾಲದಲ್ಲಿ ಬದಲಿಸುವ ಹಕ್ಕು ಉಳಿದುಕೊಳ್ಳುತ್ತದೆ, ಆಸ್ತಿಯೂ ಕೈತಪ್ಪುವುದಿಲ್ಲ.

ಸ್ವಂತ ಉಳಿತಾಯ, ತೆರಿಗೆ ವಿನಾಯಿತಿ

ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಬಹುದಾದ ಗರಿಷ್ಠ ಠೇವಣಿಯನ್ನು 2023ರ ಏಪ್ರಿಲ್‌ನಲ್ಲಿ 30 ಲಕ್ಷ ರೂ.ಗೆ ಏರಿಸಲಾಯಿತು, ಬಡ್ಡಿ ಆಗ ಶೇ 8.2 ಆಯಿತು. ದರ ಮೂರು ತಿಂಗಳಿಗೊಮ್ಮೆ ಪರಿಶೀಲನೆಗೆ ಒಳಪಟ್ಟರೂ ಠೇವಣಿ ಇಟ್ಟ ದಿನದ ದರ ಐದು ವರ್ಷವೂ ಮುಂದುವರಿಯುತ್ತದೆ. ಈ ದರದಲ್ಲಿ 15 ಲಕ್ಷ ರೂ.ಗೆ ಸಿಗುವ ಬಡ್ಡಿಯ ತಿಂಗಳ ಸರಾಸರಿ 10,250 ರೂ. ಗರಿಷ್ಠ 30 ಲಕ್ಷ ಇಟ್ಟರೂ 20,500 ರೂ. ಅಂದರೆ ಜೀವಮಾನದ ದುಡಿಮೆಯನ್ನೆಲ್ಲ ಇಟ್ಟರೂ ನಮ್ಮ 25,000 ರೂ.ನ ಅಂದಾಜು ತುಂಬುವುದಿಲ್ಲ.

ಮನೆಯನ್ನು ಅಡವಿಟ್ಟು ತಿಂಗಳಿಗಿಷ್ಟು ಹಣ ಪಡೆಯುವ ಹಿಮ್ಮುಖ ಅಡಮಾನ ಸಾಲ ದೇಶದಲ್ಲಿ 2007ರಿಂದಲೂ ಇದೆ. 60 ದಾಟಿದವರು ಬದುಕಿರುವವರೆಗೆ ಆ ಮನೆಯಲ್ಲೇ ಇರಬಹುದು. ಆದರೆ ಇದು ಸ್ವಯಾರ್ಜಿತ, ದಾಖಲೆ ಸರಿಯಾಗಿರುವ ವಾಸದ ಮನೆಗೆ ಮಾತ್ರ. ಪಿತ್ರಾರ್ಜಿತವಾಗಿ ಬಂದು ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇರುವ ಮನೆಗೆ, ತೋಟದ ಜಮೀನಿಗೆ ಇದು ಒಗ್ಗದು. ಸಣ್ಣ ಊರುಗಳಲ್ಲಿ ಇದರ ಹೆಸರು ಕೇಳದಿರುವುದಕ್ಕೆ ಕಾರಣವೂ ಇದೇ ಇರಬೇಕು.

ತೆರಿಗೆ ಕಟ್ಟುವ ಮಕ್ಕಳಿಗೆ ಒಂದು ದಾರಿಯಿದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿ ಎಂಬ ಸಂಖ್ಯೆಯಿಂದ ಪರಿಚಿತವಾಗಿದ್ದ ಕಲಂ, ಅವಲಂಬಿತ ಅಂಗವಿಕಲರ ಶುಶ್ರೂಷೆ, ಚಿಕಿತ್ಸೆ ಮತ್ತು ಪುನರ್ವಸತಿಗೆ ಖರ್ಚು ಮಾಡುವವರಿಗೆ ಆದಾಯದಿಂದ 75,000 ರೂ., ಅಂಗವೈಕಲ್ಯ ಶೇ 80 ಮೀರಿದರೆ 1.25 ಲಕ್ಷ ರೂ. ಕಡಿತಕ್ಕೆ ಅವಕಾಶ ನೀಡಿತು. ಖರ್ಚು ಎಷ್ಟೇ ಆಗಿರಲಿ, ಕಡಿತದ ಮೊತ್ತ ನಿಶ್ಚಿತ. ತಂದೆ-ತಾಯಿಯ ಜೊತೆಗೆ ಅವಲಂಬಿತ ಅಣ್ಣ-ತಮ್ಮ, ಅಕ್ಕ-ತಂಗಿಯರೂ ಇದರಲ್ಲಿ ಸೇರುತ್ತಾರೆ. ವಿಮೆಯಿಲ್ಲದ ಹಿರಿಯರ ವೈದ್ಯಕೀಯ ವೆಚ್ಚಕ್ಕೆ ಪ್ರತ್ಯೇಕವಾಗಿ 50,000 ರೂ.ವರೆಗಿನ ಕಡಿತವಿದೆ. 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ. ಈ ಅನುಕೂಲಗಳು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗಷ್ಟೇ. ಲಕ್ವ ಹೊಡೆದ ತಂದೆಗೆ ಯುಡಿಐಡಿ ಕಾರ್ಡ್ ಮಾಡಿಸಲು ಬೆಂಗಳೂರಿನ ಮಗ ಒಂದು ದಿನ ರಜೆ ಹಾಕಿ ಬಂದರೆ ನಷ್ಟವಿಲ್ಲ.

ಸಂಬಳ ಕೊಡುವ ಬಗೆ

ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸಿ ಕರ್ನಾಟಕ 2004ರಲ್ಲೇ ಅಧಿಸೂಚನೆ ಹೊರಡಿಸಿತ್ತು. ಆದರೂ ಸಹಾಯಕಿಯ ವಾರದ ರಜೆ, ರಾತ್ರಿಯ ನಿದ್ರೆ, ಹಬ್ಬಕ್ಕೆ ಊರಿಗೆ ಹೋಗುವ ದಿನಗಳ ಬಗ್ಗೆ ಮಾತೇ ಆಡದೆ ಕೆಲಸಕ್ಕೆ ಇಟ್ಟುಕೊಳ್ಳುವುದು ರೂಢಿ. ಹಗಲೂ ರಾತ್ರಿ ಒಬ್ಬರೇ ನೋಡಿಕೊಳ್ಳಬೇಕೆಂದರೆ ಎರಡು ತಿಂಗಳಲ್ಲಿ ಬಿಟ್ಟುಹೋಗುವುದು ಸಹಜ. ಹೊಸಬರನ್ನು ಹುಡುಕುವಷ್ಟರಲ್ಲಿ ಮತ್ತೆ ಕಮಿಷನ್, ಮತ್ತೆ ಪ್ರಯಾಣ ವೆಚ್ಚ. ಸಂಬಳ, ಕೆಲಸದ ಪಟ್ಟಿ, ರಜೆ, ಬಿಡುವ ಮುನ್ನ ಎಷ್ಟು ದಿನ ತಿಳಿಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿಟ್ಟುಕೊಳ್ಳುವುದು, ಸಂಬಳವನ್ನು ಬ್ಯಾಂಕ್ ಖಾತೆಗೇ ಹಾಕುವುದು ಎರಡೂ ಕಡೆಗೆ ಕ್ಷೇಮ. ತೆರಿಗೆಗೂ ನ್ಯಾಯಮಂಡಳಿಗೂ ಅದೇ ದಾಖಲೆಯಾಗುತ್ತದೆ. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು.

ಮನೆಯ ಸೊಸೆಯೋ ಮಗಳೋ ಅಂಗನವಾಡಿಯ ಅಥವಾ ಗಾರ್ಮೆಂಟ್ ಕಾರ್ಖಾನೆಯ ಕೆಲಸ ಬಿಟ್ಟು ನೋಡಿಕೊಳ್ಳಲು ಕುಳಿತರೆ ಆ ಸಂಬಳದ ನಷ್ಟವನ್ನು ಯಾರೂ ಖರ್ಚೆಂದು ಬರೆದುಕೊಳ್ಳುವುದಿಲ್ಲ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂ. ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದ ಹೆಂಗಸಿಗೆ ಸೇರುತ್ತದೆ. ಅನೇಕ ಮನೆಗಳಲ್ಲಿ ಆ ಹೆಸರು ಹಾಸಿಗೆ ಹಿಡಿದ ಅತ್ತೆಯದು. ಆರೈಕೆ ಮಾಡುವ ಸೊಸೆಗೆ ಅದರಲ್ಲಿ ಸ್ವಂತ ಹಕ್ಕಿಲ್ಲ. ಖರ್ಚು ಹಂಚಿಕೊಳ್ಳಲು ಅಣ್ಣ-ತಮ್ಮಂದಿರು ಕುಳಿತಾಗ ಊರಿನಲ್ಲಿ ಉಳಿದವರ ದುಡಿಮೆಗೂ ಒಂದು ಮೊತ್ತ ಕಟ್ಟಿದರೆ ಮುಂದಿನ ಎಷ್ಟೋ ಜಗಳ ತಪ್ಪುತ್ತದೆ.

ಇನ್ನು ಹಣ ಕೈಗೆ ಬರುವ ಬಗೆ. ಹಾಸಿಗೆ ಹಿಡಿದವರ ಖಾತೆಯಿಂದ ಹಣ ತೆಗೆಯಲಾಗದೆ ಪರದಾಡುವ ಮನೆಗಳುಂಟು. 70 ವರ್ಷ ಮೀರಿದವರಿಗೆ ಮತ್ತು ಅಂಗವಿಕಲರಿಗೆ ಮನೆ ಬಾಗಿಲಲ್ಲೇ ಮೂಲ ಬ್ಯಾಂಕಿಂಗ್ ಸೇವೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಸಹಿ ಮಾಡಲಾಗದವರ ಹೆಬ್ಬೆಟ್ಟಿನ ಗುರುತನ್ನು ಬ್ಯಾಂಕಿಗೆ ಪರಿಚಿತರಾದ ಸಾಕ್ಷಿಗಳ ಎದುರು ಪಡೆಯಬಹುದು. ಪಿಂಚಣಿದಾರರ ಜೀವಂತ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ಗುರುತಿಸುವ ವಿಧಾನದಿಂದ ಸಲ್ಲಿಸುವ ಸೌಲಭ್ಯ 2021ರ ನವೆಂಬರ್‌ನಿಂದ ಇದೆ; 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ಮನೆಯಲ್ಲಿ ಇಂಟರ್‌ನೆಟ್ ಇಲ್ಲದಿದ್ದರೆ ಪೋಸ್ಟ್‌ಮ್ಯಾನ್‌ಗೆ ಹೇಳಿಕಳುಹಿಸಿದರೆ ಸಣ್ಣ ಶುಲ್ಕಕ್ಕೆ ಮನೆಗೇ ಬಂದು ಮಾಡಿಕೊಡುತ್ತಾರೆ. ಹಿರಿಯರಿಗಾಗಿ ಇರುವ ಉಚಿತ ಸಹಾಯವಾಣಿ ಸಂಖ್ಯೆ 14567.